ಸಿಂಫನಿಯೊಳಗಿನ ಕೆಮ್ಮು

ಹಳೆಯ ರೆಕಾರ್ಡಿನ ರಟ್ಟಿನ ವಾಸನೆಗೆ ಇಂದಿಗೂ ನನ್ನ ಗಂಟಲು ಕೆರೆಯುತ್ತದೆ.

ಅರುವತ್ತರ ದಶಕದ ಒಂದು ಮಧ್ಯಾಹ್ನ. ಹಂಪನಕಟ್ಟೆಯ ನಮ್ಮ ಮನೆಯಲ್ಲಿ, ಚರ್ಚಿನಲ್ಲಿ ಪಿಟೀಲು ನುಡಿಸುತ್ತಿದ್ದ ಮಾಮ ತಮ್ಮ ಮೆಚ್ಚಿನ ಸಿಂಫನಿಯ ರೆಕಾರ್ಡು ಹಾಕಿದ್ದರು. “ಇದು ಸ್ಟುಡಿಯೋದ್ದಲ್ಲ, ಯುದ್ಧಕಾಲದ ಸಂಗೀತ ಕಛೇರಿಯಲ್ಲೇ ಹಿಡಿದದ್ದು. ವಾದ್ಯವೃಂದ ನಡೆಸುವ ಇಂಥ ಕಂಡಕ್ಟರ್ ಈಗ ಎಲ್ಲುಂಟು?” ಎಂದರು.

ಪಿಟೀಲುಗಳು ಉಸಿರಿನಷ್ಟು ತೆಳುವಾಗುವಲ್ಲಿ ರೆಕಾರ್ಡಿನೊಳಗೆ ಸಭಿಕನೊಬ್ಬ ಕೆಮ್ಮುತ್ತಿದ್ದ. “ಪಾಪ, ಬಾಂಬಿಗೆ ಸತ್ತಿರಬೇಕು. ಅವನಿಗಾಗಿ ಪ್ರಾರ್ಥಿಸಲು ಯಾರುಂಟು?” ಎಂದು ಅಜ್ಜಿ ಪ್ರತಿಸಲವೂ ಆ ಕೆಮ್ಮಿಗೆ ಶಿಲುಬೆಯ ಗುರುತು ಹಾಕುತ್ತಿದ್ದರು.

ಅಂದು ಆ ಕೆಮ್ಮು ಬರುವ ಮೊದಲೇ ಕರೆಂಟು ಹೋಯಿತು. ರೆಕಾರ್ಡು ನಿಂತಿತು. ಆದರೂ ಕೆಮ್ಮು ಕೇಳಿಸಿತು. ಅಜ್ಜಿಯ ಕೈ ಹಣೆಯಲ್ಲೇ ನಿಂತಿತು. ಮಾಮ ಬಾಯಿಗೆ ಒತ್ತಿದ್ದ ಕರವಸ್ತ್ರವನ್ನು ಬೇಗ ಮಡಚಿ, “ಎಂತ ಇಲ್ಲಮ್ಮ, ಧೂಳು,” ಎಂದರು.

ಮಾಮ ತೀರಿಹೋದ ಮೇಲೆ ಒಮ್ಮೆ ನಾನೇ ಆ ರೆಕಾರ್ಡು ಹಾಕಿದೆ. ಕೆಮ್ಮು ಬಂತು. ಅಜ್ಜಿ ಶಿಲುಬೆಯ ಗುರುತು ಹಾಕಲಿಲ್ಲ.

“ಅವನಿಗೆ ಸ್ವಲ್ಪ ಬಿಸಿನೀರು ಕೊಡು,” ಎಂದರು.