ಅಜ್ಜಿ ನೆಟ್ಟ ಚೆರ್ರಿ

ಬೇಕರಿಯ ಸಕ್ಕರೆ ಪಾಕದ ವಾಸನೆ ಮೂಗಿಗೆ ಬಂದರೆ ಈಗಲೂ ಉಬ್ರಾಣಿಯ ನಮ್ಮ ಹಿತ್ತಲು ನೆನಪಾಗುತ್ತದೆ.

ನನ್ನ ಹುಟ್ಟುಹಬ್ಬದ ಕೇಕಿನ ಮೇಲಿದ್ದ ಒಂದೇ ಚೆರ್ರಿಯನ್ನು ಅಜ್ಜಿಗೆ ಕೊಟ್ಟಿದ್ದೆ. ಅವಳು ತಿನ್ನಲಿಲ್ಲ. ಬೀಜಕ್ಕೆ ಹಚ್ಚುವಂತೆ ಅದಕ್ಕೂ ಬೂದಿ ಹಚ್ಚಿ, ಒಡೆದ ಕೊಡದ ಮಣ್ಣಿನಲ್ಲಿ ಹೂತಳು.

"ಬೀಜ ಒಳಗೈತೆ. ಗಿಡ ಆದ್ರೆ ಎಲ್ಲಾ ನಿಂಗೇ."

ಅದು ಚೆರ್ರಿಯಲ್ಲ, ನಮ್ಮ ಗುಡ್ಡದ ಹುಳಿ ಕವಳೆಕಾಯಿಯೇ, ಬೀಜ ತೆಗೆದು ಪಾಕದಲ್ಲಿ ಬೇಯಿಸಿ ಬಣ್ಣ ಹಾಕಿರ್ತಾರೆ ಅಂತ ಕೇಕ್ ತಂದ ಮಾವ ಆಗಲೇ ನನ್ನ ಕಿವಿಯಲ್ಲಿ ಹೇಳಿದ್ದ. ಹೇಳೋಣವೆಂದು ಬಾಯಿ ತೆರೆದೆ.

"ಮಾತಾಡಬ್ಯಾಡ, ದೃಷ್ಟಿ ಆಗ್ತೈತೆ," ಅಂದಳು ಅಜ್ಜಿ.

ಮಧ್ಯಾಹ್ನದ ಹೊತ್ತಿಗೆ ಆ ಮಣ್ಣಿಗೆ ಇರುವೆ ಮುತ್ತಿದ್ದವು. ಅಜ್ಜಿ ಬೆರಳಿನಿಂದ ಒಂದೊಂದನ್ನೇ ಸರಿಸಿದಳು.

"ಇವಕ್ಕೂ ಗೊತ್ತಾತು ನೋಡು, ಒಳ್ಳೆ ಜಾತಿ."

ನಾನು ಹೂಂ ಅಂದು, ಇನ್ನೊಂದು ತಂಬಿಗೆ ನೀರು ತಂದುಕೊಟ್ಟೆ.