ನೀ ಅನ್ನುವ ಊರು

ಸುದ್ದಿ ಟ್ರಾವೆಲ್ ಏಜೆಂಟನ ಬಾಯಿಂದಲೇ ಶಿವಪ್ರಕಾಶನ ಕಿವಿಗೆ ಬಿತ್ತು. ಅಪ್ಪ ಮತ್ತೆ ಚೀನಾಕ್ಕೆ ಹೊರಟಿದ್ದಾರೆ. ಅದೂ ಜುಲೈನಲ್ಲಿ, ಅದೂ ಒಬ್ಬರೇ. ಪುಣೆ ಕ್ಯಾಂಪಿನ ಗುಂಡಿ-ಝಿಪ್ಪಿನ ಅಂಗಡಿಯನ್ನು ಆಳುಗಳಿಗೆ ಒಪ್ಪಿಸಿ ಅವನು ಕೋಥರೂಡದ ಮನೆಗೆ ಬಂದ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ಅಪ್ಪಾಜಿ, ನಿಮಗ ತಿಳೀತದೇನ್ರಿ? ಹೋದ ವರ್ಷ ಆ ಬಿಸಲಾಗ ಚಕ್ಕರ್ ಬಂದು ಬಿದ್ದಿದ್ರಿ. ಪಾಸ್‌ಪೋರ್ಟ್ ಅಂಗಡಿ ತಿಜೋರ್‍ಯಾಗ ಅದ, ನಾ ಕೊಡಂಗಿಲ್ಲ."

ಬೈಯುವಾಗಲೂ 'ರೀ' ಬಿಡದ ಮನೆತನ. ಸಿದ್ದಲಿಂಗಪ್ಪನವರು ಬಶಿಯಲ್ಲಿದ್ದ ಚಹಾ ಊದುತ್ತ ಕೂತರು. ಪಕ್ಕದಲ್ಲಿ ಹೆಂಡತಿ ರುದ್ರವ್ವ ಮೆಂತ್ಯೆಪಲ್ಲೆ ಬಿಡಿಸುತ್ತಿದ್ದಳು.

ಮಗನದೇನೂ ತಪ್ಪಿರಲಿಲ್ಲ ಬಿಡಿ. ಹೋದ ವರ್ಷ ಏಜೆಂಟ ಶಾಂಘೈ ತೋರಿಸಿದ್ದ, ಬೀಜಿಂಗ್ ತೋರಿಸಿದ್ದ, ಗುಂಪಿನ ಜೊತೆ ಅಡುಗೆಯವನನ್ನೂ ಕಳಿಸುತ್ತೇನೆ ಅಂದಿದ್ದ. ಎಲ್ಲರೂ ಹೋಗುವ ಊರಿಗೆ ನಾನೇಕೆ ಹೋಗಲಿ ಅಂತ ಈ ಮನುಷ್ಯ ಆರಿಸಿಕೊಂಡದ್ದು ಆನ್‌ಯಾಂಗ್, ಕೈಫೆಂಗ್. ಏಜೆಂಟನೇ ನಕಾಶೆಯಲ್ಲಿ ಹುಡುಕಬೇಕಾಯಿತು. ಪುಣೆಯಲ್ಲಿ ಮಳೆ ಹಿಡಿದು ಕೂತಿದ್ದ ದಿನಗಳಲ್ಲಿ ಅಲ್ಲಿ ನಾಯಿ ಸಹ ನೆರಳು ಬಿಟ್ಟು ಬರದಂಥ ಬಿಸಿಲು. ತಲೆಗೊಂದು ಒದ್ದೆ ಟವೆಲ್ಲು, ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೈಯಲ್ಲಿ ಆ ಭಾಷೆಯನ್ನು ಕನ್ನಡ ಮಾಡಿ ಹೇಳುವ ಮೊಬೈಲು. ಕೈಫೆಂಗಿನ ಒಂದು ನೂಡಲ್ಸ್ ಅಂಗಡಿಯ ಎದುರಿಗೆ ಕಣ್ಣು ಕತ್ತಲಾಗಿ ಬಿದ್ದರು. ಅಂಗಡಿಯವರು ಒಳಗೆ ಎತ್ತಿಕೊಂಡು ಹೋಗಿ ಕುಡಿಸಿದ್ದು ಏನು? ಬಿಸಿನೀರು. ಅಲ್ಲಿ ಹಾಗೇ ಅಂತೆ.

"ಸೊಸಾಯಟಿ ಮಂದಿ ನಗಲಿಕತ್ತಾರ," ಅಂದ ಶಿವಪ್ರಕಾಶ. "ಯಜಮಾನ್ರಿಗೆ ಅಲ್ಲೆ ಯಾರರ ಗಂಟ್ ಬಿದ್ದಾರೇನು ಅಂತ. ಯಾಕ ಹೋಗಬೇಕು, ಒಂದ ಒಂದು ಕಾರಣ ಹೇಳ್ರಿ. ಪಾಸ್‌ಪೋರ್ಟ್ ತಂದುಕೊಡ್ತೀನಿ."

ಮೆಂತ್ಯೆ ಬಿಡಿಸುವ ಕೈ ಅಲ್ಲೇ ನಿಂತಿತು. ಹೆಂಡತಿಯ ಮುಖ ನೋಡಿದ ಮೇಲೆ ಸಿದ್ದಲಿಂಗಪ್ಪನವರು ಹೇಳದೆ ವಿಧಿಯಿರಲಿಲ್ಲ.

ಅಲ್ಲಿಗೆ ಹೋದ ಮೊದಮೊದಲು ಅವರಿಗೆ ಬಿಸಿಲಿಗಿಂತ ಜನರ ಮಾತಿಗೇ ಮೈ ಉರಿದಿತ್ತು. ಕಂಡಕಂಡವರೆಲ್ಲ 'ನೀ' ಅನ್ನುವುದೇ? ಲಾಡ್ಜಿನ ಹುಡುಗಿ ನೀ, ಟಿಕೆಟ್ ನೋಡುವವನು ನೀ, ಕಲ್ಲಂಗಡಿ ಮಾರುವವನೂ ನೀ. ಜೀವಮಾನವೆಲ್ಲ ಅಂಗಡಿಯ ಗಾದಿಯ ಮೇಲೆ ಶೇಟ್‌ಜಿ ಅನ್ನಿಸಿಕೊಂಡವರಿಗೆ ಹೇಗಾಗಿರಬೇಡ. ಆ ನೂಡಲ್ಸ್ ಅಂಗಡಿಯಲ್ಲಿ ಕಣ್ಣು ಬಿಟ್ಟಾಗಲಂತೂ ಒಬ್ಬ ಹಣ್ಣುಮುದುಕಿ ಮುಖದ ಮೇಲೆ ಬಗ್ಗಿ "ನೀ ಛೀ ಲ ಮಾ" ಅಂದಳು. ನೀ ಸಾಲದೆಂದು ಮೇಲೆ ಛೀ ಬೇರೆ. ಇವರು ಎದ್ದು ಕೂತು, ಯಾರಿಗೆ ಛೀ ಅಂತೀ ಅಂತ ಅಚ್ಚ ಕನ್ನಡದಲ್ಲೇ ಜಾಡಿಸಿದರು. ಮುದುಕಿ ಬೆದರಲಿಲ್ಲ. ಇವರ ಮೊಬೈಲು ಎತ್ತಿ ಬಾಯಿಗೆ ಹಿಡಿದು ಅದನ್ನೇ ಮತ್ತೊಮ್ಮೆ ಹೇಳಿದಳು. ಮೊಬೈಲು ಕನ್ನಡದಲ್ಲಿ ಕೇಳಿತು: ನೀನು ಊಟ ಮಾಡಿದೆಯಾ?

ಅವರ ಛೀ ಅಂದರೆ ಉಣ್ಣುವುದು. ಅವರ ನೀ, ನಮ್ಮ ನೀ, ಎರಡೂ ಒಂದೇ.

"ನಾಗಕ್ಕ ಹ್ವಾದ ಮ್ಯಾಲೆ ನನಗ ಯಾರೂ ನೀ ಅಂದಿಲ್ಲ," ಅಂದರು ಸಿದ್ದಲಿಂಗಪ್ಪನವರು. ಅಕ್ಕ ನಾಗವ್ವ ವಿಜಯಪುರದಿಂದ ದಿನಾ ಮಧ್ಯಾಹ್ನ ಫೋನು ಮಾಡಿ 'ನೀ ಉಂಡಿ?' ಅಂತ ಕೇಳುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಮಗ ರೀ, ಬಜಾರ ಶೇಟ್‌ಜಿ, ಮರಾಠಿ ಶಾಲೆಗೆ ಹೋಗುವ ಮೊಮ್ಮಗಳು ಶಿವಾನಿಯೂ 'ತುಮ್ಹೀ', ಅಂದರೆ ನೀವು. "ಆ ಮುದುಕಿ ಹಂಗ ಕೇಳಿದ್ದಕ್ಕ ನನಗ ಅಳು ಬಂತು. ಇನ್ನೂ ಯಾರಿಗರ ನಾ ಸಣ್ಣಾಂವ ಅದೀನಲ್ಲ ಅನಿಸ್ತು. ಅದಕ್ಕ ಹೋಗಬೇಕು."

ಶಿವಪ್ರಕಾಶನ ಸಿಟ್ಟು ಇಳಿದುಹೋಯಿತು. ಅಪ್ಪನ ಪಕ್ಕದಲ್ಲೇ ಕೂತ. ಅವನಿಗೊಂದು ಉಪಾಯ ಹೊಳೆಯಿತು.

"ಅವ್ವಾ, ಇಷ್ಟಕ್ಕ ಚೀನಾ ತನಕಾ ಯಾಕ? ನೀನ ಅನ್ನು ಅವರಿಗೆ, ನೀ ಅಂತ."

"ಅನ್ನು ನೋಡೂಣು," ಅಂದರು ಸಿದ್ದಲಿಂಗಪ್ಪನವರೂ. ಮುಖದಲ್ಲಿ ಆಸೆ ಕಾಣುತ್ತಿತ್ತು.

ರುದ್ರವ್ವ ಮೆಂತ್ಯೆಯ ಬುಟ್ಟಿ ಕೆಳಗಿಟ್ಟಳು. ಸೆರಗು ಸರಿ ಮಾಡಿಕೊಂಡಳು. ಸತ್ತುಹೋದ ಅತ್ತೆ ಎಲ್ಲಾದರೂ ನಿಂತಿದ್ದಾಳೋ ಎಂಬಂತೆ ಒಮ್ಮೆ ಬಾಗಿಲ ಕಡೆ ನೋಡಿದಳು. ಮದುವೆಯಾದಂದಿನಿಂದ ಗಂಡ ಆಕೆಗೆ ನೀ, ಆಕೆ ಗಂಡನಿಗೆ ರೀ.

"ನೀ..." ಅಂದಳು. ಮುಖ ಕೆಂಪೇರಿತು. "ನೀ... ನೀರು ತರಲೇನ್ರಿ?"

ಅಪ್ಪ ಮಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ರುದ್ರವ್ವ ನಗಲಿಲ್ಲ. ಅವರ ನಗೆ ಮುಗಿಯುವ ತನಕ ಕಾದು ಮಗನ ಕಡೆ ತಿರುಗಿದಳು.

"ಇಲ್ಲೆ ನನ್ನ ನಾಲಗಿ ಹೊರಳಂಗಿಲ್ಲಪಾ. ನನಗೂ ಒಂದು ಪಾಸ್‌ಪೋರ್ಟ್ ಮಾಡಸು. ಅಲ್ಲೇ ಹೋಗಿ ಅಂತೀನಿ."