ಒಂಟಿಕಾಲಿನ ನವಿಲು

ಮೂರನೆಯ ಸಲವೂ ಹಾಗೆಯೇ ಆಯಿತು. ನಟರಾಜನ್ ಅವರ ಮಗ್ಗದಿಂದ ಹೊಸ ಅಂಚಿನ ಸೀರೆ ಇಳಿಯುವ ಮೊದಲೇ, ಅದೇ ಅಂಚು ಕಾರಮಡೈ ಪೇಟೆಯ ಎದುರು ಕಂಪನಿಯ ಗಾಜಿನೊಳಗೆ ನೇತಾಡುತ್ತಿತ್ತು.

“ಕಂಪ್ಯೂಟರ್‌ನಲ್ಲಿ ಚಿತ್ರ ಬರೆಯೋಳು ನೀನೊಬ್ಬಳೇ ಸುಶೀಲಾ,” ಎಂದರು ನಟರಾಜನ್. “ತಿಂಗಳೊಳಗೆ ಕಳ್ಳ ಸಿಗದಿದ್ರೆ ನಿನಗಿಲ್ಲಿ ವೇಲೆ ಇಲ್ಲ, ಕೆಲಸ ಬಿಡು ಅನ್ನಬೇಕಾಗುತ್ತೆ.”

ಬಾಗಿಲಾಚೆ ಕೂತಿದ್ದ ಸೌಡಪ್ಪ ತಾತ ಕೈಕೆಲಸ ನಿಲ್ಲಿಸಿ ಕಿವಿಗೊಟ್ಟ. ದಿನಾ ಬೆಳಗ್ಗೆ ಅವನ ಕಣ್ಣಿಗೆ ಮದ್ದು ಹನಿಸುತ್ತಿದ್ದವಳು ಆ ಸುಶೀಲಳೇ.

ಸುಶೀಲ ಬರೆದ ಚಿತ್ರ ತಂತಿಯಲ್ಲಿ ಹೊರಟು ಹಿತ್ತಲಿನ ಷೆಡ್ಡು ಸೇರುತ್ತಿತ್ತು. ಅಲ್ಲಿನ ಯಂತ್ರ ಚಿತ್ರಕ್ಕೆ ತಕ್ಕಂತೆ ರಟ್ಟಿನ ಅಟ್ಟೆಗಳಿಗೆ ತೂತು ಹೊಡೆಯುತ್ತಿತ್ತು; ಆ ತೂತುಗಳ ಪ್ರಕಾರವೇ ಮಗ್ಗ ಅಂಚು ನೇಯುತ್ತಿತ್ತು. ಆ ಅಟ್ಟೆಗಳನ್ನು ಸಾಲಾಗಿ ದಾರದಿಂದ ಹೊಲಿಯುವುದು ತಾತನ ಕೆಲಸ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಕೈ ಮತ್ತು ಕಿವಿಯಲ್ಲೇ ಎಲ್ಲ ನಡೆಯುತ್ತಿತ್ತು. ಯಂತ್ರ ಇಲ್ಲದ ಕಾಲದಲ್ಲಿ ಇಡೀ ಅಂಚನ್ನು ಬಾಯಿಪಾಠ ಮಾಡಿ ರಾಗವಾಗಿ ಕೂಗುತ್ತಿದ್ದವನು ಅವನು. ಮಗ್ಗದ ಆಚೆ ಕೂತು, ಕೂಗಿದಂತೆ ನೂಲು ಎಳೆಯುತ್ತಿದ್ದವನು ಗೋವಿಂದಸಾಮಿ. ಈಗಲೂ ಯಂತ್ರ ತಕತಕ ಎಂದರೆ ಆ ಪೆಟ್ಟಿಗೆ ತಕ್ಕಂತೆ ತಾತನ ಗಂಟಲಲ್ಲಿ ಅಂಚಿನ ಗುನುಗು ತಾನಾಗಿ ಹುಟ್ಟುತ್ತಿತ್ತು.

ಕಳ್ಳನನ್ನು ಹಿಡಿಯಲು ಕೊಯಮತ್ತೂರಿನಿಂದ ಸುಪ್ರೀತಾ ಬಂದಳು. ದಾವಣಗೆರೆಯ ಹುಡುಗಿ, ಕಂಪ್ಯೂಟರ್ ಇಂಜಿನಿಯರ್. ಈ ತಮಿಳು ಸೀಮೆಯಲ್ಲಿ ಅವಳ ಊರಿನ ಕನ್ನಡ ಕೇಳಲೆಂದೇ ತಾತ ಸ್ಟೂಲನ್ನು ಹತ್ತಿರ ಎಳೆದುಕೊಂಡ.

“ತಂತಿಗೆ ಯಾರೋ ಕಿವಿ ಕೊಟ್ಟಿದ್ದಾರೆ ತಾತ. ನಡುವೆ ಒಂದು ಪ್ರಾಕ್ಸಿ ಕೂರಿಸ್ತೀನಿ.”

“ಅದ್ಯಾರು ಅಮ್ಮಣಿ?”

“ಒಬ್ಬ ನಡುವಿನವನು ಅಂದ್ಕೊಳ್ಳಿ. ಈ ಕಡೆ ಹೇಳಿದ್ದನ್ನ ಕೇಳಿ, ಬರೆದಿಟ್ಕೊಂಡು, ಆ ಕಡೆಗೆ ಹಾಗೇ ಹೇಳ್ತಾನೆ. ಅವನೊಬ್ಬ ಇದ್ದಾನೆ ಅಂತ ಯಾರಿಗೂ ಗೊತ್ತಾಗಲ್ಲ.”

“ಸಂಬಳ?”

“ಇಲ್ಲ.”

“ಪಾವಂ, ಪಾಪ,” ಎಂದ ತಾತ.

ಮೊದಲಿಗೆ ಹೋದದ್ದು ನವಿಲಿನ ಅಂಚು. ಮಗ್ಗದಿಂದ ಇಳಿದ ನವಿಲಿಗೆ ಒಂದೇ ಕಾಲು! ಸುಪ್ರೀತಾ ಹಣೆ ಚಚ್ಚಿಕೊಂಡಳು. ಚಿತ್ರ ತಂತಿಯಲ್ಲಿ ತುಂಡುತುಂಡಾಗಿ ಬರುತ್ತದಂತೆ. ಅವಳ ಪ್ರಾಕ್ಸಿ ಕೊನೆಯ ತುಂಡಿಗೆ ಕಾಯದೆ ಕೈತೊಳೆದುಕೊಂಡಿತ್ತು. ಸುಶೀಲ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕಳು. ಸುಪ್ರೀತಾ ತಪ್ಪು ತಿದ್ದಿ, ಮೇಲೊಂದು ಬೀಗವನ್ನೂ ಹಾಕಿದಳು. ಇನ್ನು ಚಿತ್ರ ಇಲ್ಲಿಂದ ಗುಟ್ಟಿನ ಲಿಪಿಯಲ್ಲಿ ಹೊರಟು ಷೆಡ್ಡಿನಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದೆ. ನಡುದಾರಿಯಲ್ಲಿ ಕದ್ದವನಿಗೆ ಬರೀ ಗೋಜಲು.

ಮರುವಾರ ನಟರಾಜನ್ ಚಪ್ಪಲಿಯನ್ನೂ ಬಿಡದೆ ಒಳಗೆ ಓಡಿ ಬಂದರು.

“ನವಿಲು! ಎದುರು ಕಂಪನಿ ಗಾಜಲ್ಲಿ ನಮ್ಮ ನವಿಲು! ಅವರದಕ್ಕೂ ಒಂದೇ ಕಾಲು! ಅದನ್ನ ಕೊಳ್ಳೋಕೂ ಕೂಟ ಸೇರಿದೆ!”

ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಮಗ್ಗಗಳೇ ನಿಂತುಹೋದವು. ಸುಪ್ರೀತಾ ಹೊಟ್ಟೆ ಹಿಡಿದುಕೊಂಡೇ ತನ್ನ ದಾಖಲೆ ತೆರೆದಳು.

“ನೋಡಿ ಸಾರ್. ಸುಶೀಲಾ ಕಳಿಸಿದ್ದು ಎರಡು ಕಾಲಿನ ನವಿಲು. ಇವರೇ ಮಾರಿದ್ದರೆ ಅಲ್ಲೂ ಎರಡು ಕಾಲು ಇರಬೇಕಿತ್ತು. ಕಳವಾಗಿರೋದು ನನ್ನ ಪ್ರಾಕ್ಸಿ ದಾಟಿದ ಮೇಲೆ, ಹಿತ್ತಲಿನ ತಂತಿಯಲ್ಲಿ. ಅಲ್ಲಿಗೆ ಈಗ ಬೀಗ ಬಿದ್ದಿದೆ.”

ನಟರಾಜನ್ ಸುಶೀಲಳೆದುರು ಕೈ ಮುಗಿದರು. “ಮನ್ನಿಸು ಅಮ್ಮಣಿ. ನೀನಿಲ್ಲದೆ ಈ ಕಂಪನಿಗೆ ಅಂಚೇ ಇಲ್ಲ.” ಮೈಸೂರುಪಾಕು ತರಿಸಿದರು. ತಾತ ಎರಡು ತುಂಡು ತಿಂದ.

ಅಂದೇ ಮಧ್ಯಾಹ್ನ ಬೀಗದ ತಂತಿಯಲ್ಲಿ ಮಾವಿನಕಾಯಿ ಅಂಚು ಹೋಯಿತು. ಯಂತ್ರ ತಕತಕ ಎಂದಿತು. ತಾತ ಗುನುಗುತ್ತಾ ಕೊನೆಯ ಅಟ್ಟೆಯನ್ನೂ ಹೊಲಿದು, ನಾಲ್ಕು ಗಂಟೆಗೆ ಎಂದಿನಂತೆ ಪೇಟೆಯಲ್ಲಿ ಎದುರು ಕಂಪನಿಯ ಪಕ್ಕದ ಟೀ ಅಂಗಡಿಗೆ ನಡೆದ. ಬೆಂಚಿನಲ್ಲಿ ಗೋವಿಂದಸಾಮಿ ಜಾಗ ಹಿಡಿದಿದ್ದ. ಇಬ್ಬರಿಗೂ ಹಳೇ ಚಟ: ಒಂದು ಟೀ, ಒಂದು ಹಾಡು.

“ಪೋನ ಸಲ ಹಾಡಿದ್ದನ್ನ ಕೊನೇಲಿ ಕುಂಟಿಸಿಬಿಟ್ಟೆಯಲ್ಲೋ ಸೌಡಾ. ವಯಸ್ಸಾಯ್ತು ನಿನಗೆ.”

“ಯಾರಿಗೋ ವಯಸ್ಸು? ಇವತ್ತು ಕೇಳು!”

ಸುಶೀಲಳ ಕೆಲಸ ಉಳಿದ ಖುಷಿಯಲ್ಲಿ ತಾತ ಕಣ್ಣು ಮುಚ್ಚಿ, ತೊಡೆ ತಟ್ಟಿ, ಪೂರ್ತಿ ಹಾಡಿದ. ಗೋವಿಂದಸಾಮಿಯ ಬೆರಳು ಬೆಂಚಿನಂಚಿನಲ್ಲಿ ಇಲ್ಲದ ನೂಲು ಎಳೆಯುತ್ತಲೇ ಇತ್ತು. ಹಾಡು ಮುಗಿದದ್ದೇ ಅವನು ಅವಸರವಾಗಿ ಎದ್ದು ಹೋದ. ಎತ್ತ ಹೋದನೆಂದು ಪೊರೆಗಣ್ಣಿಗೆ ಕಾಣಲಿಲ್ಲ. ತಾತ ಇನ್ನೊಂದು ಟೀ ಹೇಳಿದ.

ಅದು ಮುಗಿಯುವ ಹೊತ್ತಿಗೆ ಎದುರು ಕಂಪನಿಯ ಒಳಗಿಂದ ಅಟ್ಟೆಗೆ ತೂತು ಹೊಡೆಯುವ ಸದ್ದು ಕೇಳಿಸಿತು: ತಾನು ಈಗಷ್ಟೇ ಹಾಡಿದ ಮಾವಿನಕಾಯಿ, ಕೊನೆಯ ಸುರುಳಿಯವರೆಗೂ, ಒಂದು ಪೆಟ್ಟೂ ತಪ್ಪದೆ.